ದುಡ್ಡು ಕೊಡ್ತೀನಿ ಅಂದರೂ ಮಾರೋರಿಲ್ಲ

ಹಳೆಯ ಸಿಟ್‌ಕಾಮ್, ಅಂದರೆ ಟಿವಿಯ ಹಾಸ್ಯ ಧಾರಾವಾಹಿ, ಒಂದನ್ನು ಮೊದಲಿಂದ ನೋಡೋಣ ಅಂತ ಕೂತರೆ ಒಂದನೇ ಸೀಸನ್ ಇದೆ. ಎರಡನೆಯದೂ ಇದೆ. ಮೂರು ಇಲ್ಲ. ನಾಲ್ಕು ಮತ್ತೆ ಇದೆ! ಮಧ್ಯದ್ದು ಎಲ್ಲಿ ಹೋಯಿತು ಅಂತ ಕೇಳಿದರೆ ಹೇಳುವವರಿಲ್ಲ. ತಿಂಗಳ ಚಂದಾ ಮಾತ್ರ ಪೂರ್ತಿ ಕಟ್ ಆಗುತ್ತದೆ. ಸ್ಟ್ರೀಮಿಂಗ್ ಕಂಪನಿಗೆ ಮೇಲ್ ಹಾಕಿದೆ. ನಮ್ಮ ಸಂಗ್ರಹ ಆಗಾಗ ಬದಲಾಗುತ್ತಿರುತ್ತದೆ, ನಿಮ್ಮ ತಾಳ್ಮೆಗೆ ಧನ್ಯವಾದ ಅಂತ ಉತ್ತರ ಬಂತು. ನಾನು ತಾಳ್ಮೆಯಿಂದ ಇದ್ದೀನಿ ಅಂತ ಇವರಿಗೆ ಹೇಳಿದವರು ಯಾರು?

ಇರಲಿ, ನನ್ನ ಸಿಟ್ಟು ಆ ಒಂದು ಸೀಸನ್‌ದಲ್ಲ. 'ಮರ್ಫಿ ಬ್ರೌನ್' ಗತಿ ನೋಡಿ. ಟಿವಿ ವರದಿಗಾರ್ತಿಯೊಬ್ಬಳ ಕಥೆ. ಅಮೆರಿಕದ ಸಿಬಿಎಸ್ ಚಾನೆಲ್‌ನಲ್ಲಿ 1988ರಿಂದ 1998ರವರೆಗೆ ಹತ್ತು ಸೀಸನ್ ಓಡಿತು. ಆ ಒಂದೇ ಪಾತ್ರಕ್ಕೆ ನಟಿ ಕ್ಯಾಂಡಿಸ್ ಬರ್ಗನ್‌ಗೆ ಐದು ಎಮ್ಮಿ, ಅಂದರೆ ಅಮೆರಿಕದ ಟಿವಿ ಪ್ರಶಸ್ತಿ, ಬಂದವು. ಸಾಕಪ್ಪಾ ಅಂತ ಆಮೇಲೆ ಅವರೇ ಸ್ಪರ್ಧೆಯಿಂದ ಹಿಂದೆ ಸರಿದರು. ಇಂಥ ಶೋ ಡಿವಿಡಿಯಲ್ಲಿ ಎಷ್ಟು ಸೀಸನ್ ಬಂತು ಗೊತ್ತಾ? ಒಂದು. 2005ರಲ್ಲಿ ಮೊದಲನೆಯದು ಬಂತು, ಅಷ್ಟೇ. ಉಳಿದ ಒಂಬತ್ತು ಕಪಾಟಿನಲ್ಲೇ ಉಳಿದವು.

ಇನ್ನೊಂದು ತಮಾಷೆ. 1992ರ ಮೇನಲ್ಲಿ ಈ ಶೋದ ನಾಯಕಿ ಮದುವೆಯಾಗದೆ ತಾಯಿಯಾದಳು. ಮಾರನೇ ದಿನವೇ ಅಮೆರಿಕದ ಉಪಾಧ್ಯಕ್ಷ ಡ್ಯಾನ್ ಕ್ವೇಲ್ ಭಾಷಣದಲ್ಲಿ ಅವಳ ಹೆಸರು ಹಿಡಿದು ಬೈದರು. ಹೌದು, ಒಂದು ದೇಶದ ಉಪಾಧ್ಯಕ್ಷ, ಒಂದು ಸಿಟ್‌ಕಾಮ್ ಪಾತ್ರವನ್ನು! ಅದೊಂದು ದೊಡ್ಡ ರಾಜಕೀಯ ಗಲಾಟೆಯೇ ಆಯಿತು. ಮುಂದಿನ ಸೀಸನ್ ಶುರುವಾದಾಗ ಶೋ ಅದಕ್ಕೆ ತಿರುಗಿ ಉತ್ತರ ಕೊಟ್ಟಿತು. ಇದರ ಬಗ್ಗೆ ಬೇಕಾದಷ್ಟು ಬರಹ ಓದಬಹುದು. ಆದರೆ ಆ ಎರಡು ಸೀಸನ್ ಡಿವಿಡಿ ಬೇಕು ಅಂದರೆ ಇಲ್ಲ.

ಕಾರಣ ಏನು? ಹಾಡು. ಮರ್ಫಿಗೆ ಮೋಟೌನ್ ಎಂಬ ಅಮೆರಿಕದ ರೆಕಾರ್ಡ್ ಕಂಪನಿಯ ಹಾಡುಗಳ ಹುಚ್ಚು. ಶೋ ತುಂಬಾ ಹಳೆಯ ಹಿಟ್ ಹಾಡುಗಳು. ಒಂದು ಹಾಡು ಬಳಸಬೇಕಾದರೆ ಎರಡು ಕಡೆ ಕೈ ಮುಗಿಯಬೇಕು. ಹಾಡು ಬರೆದವರ, ರಾಗ ಹಾಕಿದವರ ಹಕ್ಕು ಒಬ್ಬರ ಹತ್ತಿರ. ರೆಕಾರ್ಡಿಂಗ್‌ನ ಹಕ್ಕು ಇನ್ನೊಬ್ಬರ ಹತ್ತಿರ. ಒಬ್ಬರು ಸರಿ ಅಂದು ಇನ್ನೊಬ್ಬರು ಬಾಯಿಗೆ ಬಂದ ರೇಟು ಹೇಳಿದರೆ ಮುಗಿಯಿತು. ಆ ಕಾಲದ ಎಷ್ಟೋ ಒಪ್ಪಂದಗಳು ಟಿವಿ ಪ್ರಸಾರಕ್ಕೆ ಮಾತ್ರ, ಅದೂ ಇಂತಿಷ್ಟು ವರ್ಷ ಅಂತ ಆಗಿದ್ದವು. ಜನ ಸೀಸನ್‌ಗಟ್ಟಲೆ ಮನೆಗೆ ಕೊಂಡೊಯ್ಯುತ್ತಾರೆ ಅಂತ ಯಾರೂ ಯೋಚಿಸಿರಲಿಲ್ಲ. ಸರಿ, ಆಗ ಯೋಚಿಸಲಿಲ್ಲ. ಆಮೇಲೆ ಏನು ಮಾಡಿದರು? ಮೊದಲ ಸೀಸನ್ ಚೆನ್ನಾಗಿ ಮಾರಾಟ ಆಗಲಿಲ್ಲ, ಅದಕ್ಕೇ ಉಳಿದದ್ದು ಲಾಭ ಇಲ್ಲ ಅಂತ ಕೈ ಬಿಟ್ಟರು. ಶೋ ಮೆಚ್ಚಿದವರಿಗೆ ಇದು ಶಿಕ್ಷೆ ಅಲ್ವಾ?

ಕೈ ಬಿಡದೆ ತಂದರೆ ಹೇಗಿರುತ್ತದೆ ಅನ್ನೋದಕ್ಕೆ 'ಡಬ್ಲ್ಯುಕೆಆರ್‌ಪಿ ಇನ್ ಸಿನ್ಸಿನಾಟಿ' ಇದೆ. 1978ರಿಂದ 1982ರವರೆಗೆ ಬಂದದ್ದು. ಕಥೆಯೇ ಒಂದು ರೇಡಿಯೊ ಸ್ಟೇಷನ್‌ದು. ಡಿಜೆ ಹಾಕುವ ಹಾಡೂ ಕಥೆಯ ಭಾಗ. 2007ರಲ್ಲಿ ಮೊದಲ ಸೀಸನ್ ಡಿವಿಡಿ ಬಂದಾಗ ಹೆಚ್ಚಿನ ಹಾಡುಗಳನ್ನು ತೆಗೆದು ಯಾವುದೋ ಅನಾಮಧೇಯ ಸಂಗೀತ ತುಂಬಿದ್ದರು. ಒಂದು ಕಡೆ ಪಿಂಕ್ ಫ್ಲಾಯ್ಡ್ ಎಂಬ ರಾಕ್ ತಂಡದ ಹಾಡು ಬರುತ್ತದೆ. ಅದರಲ್ಲಿ ನಾಯಿ ಬೊಗಳುವ ಸದ್ದು ಕೇಳಿ ಮ್ಯಾನೇಜರ್ ತಬ್ಬಿಬ್ಬಾಗುತ್ತಾನೆ. ಹಾಡು ಇಲ್ಲದ ಮೇಲೆ ಜೋಕ್ ಯಾಕೆ ಅಂತ ಆ ತುಣುಕನ್ನೇ ಕತ್ತರಿಸಿದರು! ಇದು ಒಗ್ಗರಣೆ ಇಲ್ಲದ ಸಾರಲ್ಲ, ಬೇಳೆಯೂ ಇಲ್ಲದ ಸಾರು. 'ಮ್ಯಾರೀಡ್ ವಿತ್ ಚಿಲ್ಡ್ರನ್' ಡಿವಿಡಿಗಳಲ್ಲೂ ಮೂರನೇ ಸೀಸನ್‌ನಿಂದ ಫ್ರಾಂಕ್ ಸಿನಾತ್ರಾ ಹಾಡಿದ ಶೀರ್ಷಿಕೆ ಗೀತೆ ಮಾಯ. ಕೊಂಡವರಿಗೆ ಹಾಕಿ ನೋಡಿದ ಮೇಲೆಯೇ ಆಘಾತ.

ಆಗೋದೇ ಇಲ್ಲ ಅನ್ನೋದು ಮಾತ್ರ ಶುದ್ಧ ಸುಳ್ಳು. 2014ರಲ್ಲಿ ಶೌಟ್ ಫ್ಯಾಕ್ಟರಿ ಎಂಬ ಕಂಪನಿ ಕೂತು, ಒಬ್ಬೊಬ್ಬರನ್ನೇ ಕೇಳಿ, ಅದೇ ಡಬ್ಲ್ಯುಕೆಆರ್‌ಪಿಯ ಪೂರ್ತಿ ಸೆಟ್ ತಂದಿತು. ಎಲ್ಲ ಹಾಡುಗಳೂ ಸಿಗಲಿಲ್ಲ, ಆದರೆ ಬಹುಪಾಲು ವಾಪಸ್ ಬಂದವು. ಅದೇ ವರ್ಷ 'ದಿ ವಂಡರ್ ಇಯರ್ಸ್' ಕೂಡ ಪೂರ್ತಿಯಾಗಿ ಬಂತು. ಆ ಶೋ ಮುಗಿದದ್ದು 1993ರಲ್ಲಿ, ಅದರಲ್ಲೂ ಹಾಡುಗಳ ರಾಶಿಯೇ ಇತ್ತು. ಅಂದರೆ ಮನಸ್ಸು ಮಾಡಿದರೆ ಆಗುತ್ತದೆ. ಮನಸ್ಸು ಮಾಡುವ ಸಂಬಳಗಾರ ಒಬ್ಬ ಬೇಕು, ಅಷ್ಟೇ.

ಬ್ರಿಟನ್‌ನ ಬಿಬಿಸಿ ಮಾಡಿದ್ದು ಬೇರೆ ಪಾಪ. ವಿಡಿಯೊ ಟೇಪ್ ದುಬಾರಿ ಅಂತ ಹಳೆಯದನ್ನು ಅಳಿಸಿ ಹೊಸದನ್ನು ಅದರ ಮೇಲೇ ರೆಕಾರ್ಡ್ ಮಾಡುತ್ತಿದ್ದರು. 1969ರ 'ಡ್ಯಾಡ್ಸ್ ಆರ್ಮಿ' ಎರಡನೇ ಸೀಸನ್‌ನ ಆರು ಎಪಿಸೋಡ್‌ಗಳಲ್ಲಿ ಮೂರು ಸಿಕ್ಕೇ ಇಲ್ಲ. ಹೊಟ್ಟೆ ಉರಿಯುತ್ತದೆ, ಆದರೆ ಇಲ್ಲದ್ದನ್ನು ಕೊಡಿ ಅಂತ ಕೇಳೋಕೆ ಆಗಲ್ಲ. ನಾನು ಬೈತಾ ಇರೋದು ಇಟ್ಟುಕೊಂಡೂ ಕೊಡದವರನ್ನು. ಟೇಪ್ ಇದೆ. ಮಾಲೀಕರಿದ್ದಾರೆ. ನೋಡೋರೂ ಇದ್ದಾರೆ.

ಇದರ ಮೇಲೆ ಇವರ ಪೈರಸಿ ಉಪದೇಶ ಬೇರೆ! ಕಳ್ಳ ಕಾಪಿ ನೋಡಬೇಡಿ, ಕಲಾವಿದರ ಹೊಟ್ಟೆ ಮೇಲೆ ಹೊಡೆಯಬೇಡಿ. ಒಪ್ಪಿದೆ ಸ್ವಾಮಿ, ಹಾಗಾದರೆ ಅಸಲಿ ಎಲ್ಲಿದೆ? ನೀವು ಮಾರದ ಸೀಸನ್‌ನಿಂದ ಆ ಕಲಾವಿದರಿಗೆ ಯಾವ ಕಾಸು ಹೋಗುತ್ತಿದೆ? ಯಾರೋ ಪುಣ್ಯಾತ್ಮರು ಆಗ ವಿಸಿಆರ್‌ನಲ್ಲಿ ಹಿಡಿದಿಟ್ಟ ಮಸುಕು ಟೇಪ್‌ಗಳು, ಜಾಹೀರಾತು ಸಮೇತ, ಎಷ್ಟೋ ಸಲ ಅವೇ ಗತಿ. ಹಾಡೂ ಅದರಲ್ಲೇ ಮೂಲದ್ದು ಇರುತ್ತದೆ. ಆದರೆ ಕಾನೂನಿನ ಕಣ್ಣಿಗೆ ಅದನ್ನು ಹಂಚಿದವರೇ ಕಳ್ಳರು. ಕಂಪನಿ ಒಡೆತನದ ಕೃತಿಗೆ ಅಮೆರಿಕದಲ್ಲಿ ಮೊದಲು ಹೊರಬಂದ ದಿನದಿಂದ ಸಾಮಾನ್ಯವಾಗಿ 95 ವರ್ಷ ಹಕ್ಕು. 1988ರ ಎಪಿಸೋಡ್ 2083 ಮುಗಿಯುವವರೆಗೆ ಅವರದೇ. ಅಷ್ಟು ಹೊತ್ತಿಗೆ ಅದನ್ನು ನೋಡಿ ನಕ್ಕವರು ಯಾರು ಇರ್ತಾರೆ? ಇಷ್ಟು ವರ್ಷ ಮಾರದೆ ಇಟ್ಟರೆ ಹಕ್ಕು ಹೋಗುತ್ತದೆ ಅಂತ ಒಂದು ನಿಯಮ ಇದ್ದಿದ್ದರೆ, ಈ ಕಪಾಟುಗಳೆಲ್ಲ ನಾಳೆಯೇ ತೆರೆಯುತ್ತಿದ್ದವು.

ಅಲ್ಲಿಯವರೆಗೆ ಕನಿಷ್ಠ ಒಂದು ಸಾಲು ಹಾಕಿ. ಮೂರನೇ ಸೀಸನ್ ಇಲ್ಲ, ಇಂಥ ಹಾಡಿನ ಹಕ್ಕು ಸಿಕ್ಕಿಲ್ಲ, ಇಂಥ ಎಪಿಸೋಡ್‌ನಲ್ಲಿ ಸಂಗೀತ ಬದಲಾಗಿದೆ, ಇಷ್ಟು ನಿಮಿಷ ಕತ್ತರಿಸಿದ್ದೇವೆ ಅಂತ. ಚಂದಾ ಕಟ್ಟುವ ಮೊದಲೇ ಕಾಣುವ ಹಾಗೆ ಹಾಕಿ. ನಾಲ್ಕನೇ ಸೀಸನ್‌ಗೆ ಸುಮ್ನೆ ಮೂರು ಅಂತ ನಂಬರ್ ಕೊಟ್ಟು ಕೂರಿಸಬೇಡಿ. ಅದನ್ನೂ ಮಾಡ್ತೀರಿ ನೀವು, ನೋಡಿದ್ದೀನಿ.