ಮುಚ್ಚಳ ಹಾಕಿದರೂ ಉಳಿದ ಕಥೆ

ಜಪಾನಿನ ಶೋಚಿಕು ಸಂಸ್ಥೆ 1994ರಲ್ಲಿ ತಯಾರಿಸಿದ ‘ರಾಂಪೊ’ ಚಿತ್ರವನ್ನು ಈ ವಾರ ಎರಡನೆಯ ಸಲ ನೋಡಿದೆ. ಮೊದಲ ಸಲ ಅದರ ಬಣ್ಣ, ಬೆಳಕುಗಳಿಗೆ ಮರುಳಾಗಿ, ಕಥೆಯ ಎಳೆ ಎಲ್ಲಿ ಕೈತಪ್ಪಿತೆಂದು ತಿಳಿಯದೆ ಎದ್ದಿದ್ದೆ. ಆ ವೈಭವದಿಂದಲೇ ಕಥೆ ಹೇಳಲಾಗಿದೆ ಎಂಬುದು ನನಗೆ ಹೊಳೆದದ್ದು ಈಗ.

ಜಪಾನಿನ ಪತ್ತೇದಾರಿ ಸಾಹಿತ್ಯಕ್ಕೆ ಅಡಿಪಾಯ ಹಾಕಿದ ಹಿರಾಯ್ ತಾರೊ ಅವರು ಅಮೆರಿಕದ ಕಥೆಗಾರ ಎಡ್ಗರ್ ಅಲನ್ ಪೋ ಅವರ ಹೆಸರನ್ನೇ ತಮ್ಮ ಭಾಷೆಯ ಉಚ್ಚಾರಕ್ಕೆ ಒಗ್ಗಿಸಿ ಎದೊಗಾವಾ ರಾಂಪೊ ಎಂಬ ಕಾವ್ಯನಾಮ ಇಟ್ಟುಕೊಂಡವರು. ಹಸ್ತಾಕ್ಷರ ಕೇಳಿದವರಿಗೆ ಅವರು ಬರೆದುಕೊಡುತ್ತಿದ್ದ ಮಾತಿನ ಭಾವ ಇಷ್ಟು: ಈ ಲೋಕ ಕನಸು, ಇರುಳಿನ ಕನಸೇ ನಿಜ. ಅವರ ಜನ್ಮಶತಮಾನೋತ್ಸವಕ್ಕೆಂದು ಬಂದ ಈ ಚಿತ್ರ ಆ ಮಾತನ್ನು ಅಕ್ಷರಶಃ ನಂಬಿ ನಡೆಯುತ್ತದೆ.

ಕಣ್ಣಾಮುಚ್ಚಾಲೆ ಆಡುತ್ತ ಪೆಟ್ಟಿಗೆಯೊಳಗೆ ಅಡಗಿದ ಗಂಡ ಹೊರಬರಲಾರದೆ ಒದ್ದಾಡುವಾಗ, ಹೆಂಡತಿ ಮುಚ್ಚಳವನ್ನು ತುಸುವೇ ಎತ್ತಿ, ಮತ್ತೆ ಮುಚ್ಚಿಬಿಡುತ್ತಾಳೆ. ಚಿತ್ರದ ಆರಂಭದಲ್ಲಿ, ಅದರ ನಾಯಕನಾದ ಲೇಖಕ ರಾಂಪೊ ಬರೆದ ಈ ಕಥೆಯನ್ನು ಆನಿಮೇಷನ್‌ನಲ್ಲಿ ತೋರಿಸಲಾಗಿದೆ. ಯುದ್ಧದ ನೆರಳು ಕವಿಯುತ್ತಿದ್ದ ಕಾಲದ ಸೆನ್ಸಾರು ಇದನ್ನು ನಿಷೇಧಿಸುತ್ತದೆ. ಆದರೆ ಅಚ್ಚಾಗದ, ಯಾರೂ ಓದಿರದ ಆ ಕಥೆಯಂತೆಯೇ ಒಬ್ಬಾತ ಸತ್ತ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಅವನ ವಿಧವೆ ಶಿಜುಕೊಳನ್ನು ಹುಡುಕಿ ಹೋದ ಲೇಖಕನಿಗೆ ತಾನು ಕಲ್ಪಿಸಿದ ಹೆಣ್ಣೇ ಎದುರು ನಿಂತಂತಾಗುತ್ತದೆ. ಅವಳನ್ನು ಮರೆಯಲಾರದೆ ಅವನು ಹೊಸ ಕಥೆ ಬರೆಯತೊಡಗುತ್ತಾನೆ, ಅದರಲ್ಲಿ ತನ್ನ ಪತ್ತೇದಾರ ಅಕೆಚಿ ಕೊಗೊರೊನನ್ನು ಅವಳ ಬೆನ್ನಿಗೆ ಕಳಿಸುತ್ತಾನೆ.

ಇಲ್ಲಿಂದ ಮುಂದೆ ಚಿತ್ರದ ಬಣ್ಣಗಳು ಮಾಡುವ ಕೆಲಸವನ್ನು ಗಮನಿಸಬೇಕು. ಲೇಖಕನ ಪಾತ್ರದ ನಾವೊತೊ ತಾಕೆನಾಕಾ ಕುಗ್ಗಿದ ಹೆಗಲಿನ, ಮಾತು ತಡವರಿಸುವ ಮನುಷ್ಯ. ಅವನು ಸೃಷ್ಟಿಸಿದ ಅಕೆಚಿಯಾಗಿ ಬರುವ ಮಾಸಾಹಿರೊ ಮೊತೊಕಿಯೋ ಮಡಿಕೆ ಕೆಡದ ಉಡುಪಿನ ಸುಂದರ. ಬದುಕಿನಲ್ಲಿ ಮುಟ್ಟಲು ಧೈರ್ಯವಿಲ್ಲದ್ದನ್ನೆಲ್ಲ ಲೇಖಕ ಕಾಗದದ ಮೇಲೆ ತುಂಬುತ್ತಿದ್ದಾನೆ, ಆದ್ದರಿಂದಲೇ ಕಥೆಯೊಳಗಿನ ಲೋಕ ಅಷ್ಟು ಶ್ರೀಮಂತವಾಗಿದೆ. ಶಿಜುಕೊಳಾಗಿ ಮಿಚಿಕೊ ಹಾದಾ ಎರಡೂ ಲೋಕಗಳಲ್ಲಿ ಒಂದೇ ಮುಖದಿಂದ ಓಡಾಡುವುದರಿಂದ ಗಡಿ ಎಲ್ಲಿ ದಾಟಿದೆವೆಂದು ನಮಗೂ ತಿಳಿಯುವುದಿಲ್ಲ. ಅಕಿರಾ ಸೆಂಜು ಅವರ ಸಂಗೀತವಂತೂ ಕಣ್ಣು ಮುಚ್ಚಿದರೂ ಆ ಲೋಕವನ್ನು ಬಿಡಿಸಿಡುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಚಿತ್ರ ಚರಿತ್ರೆಯನ್ನೂ ಕಥೆಯಾಗಿಸಿದ ಬಗೆ. ಪೆಟ್ಟಿಗೆಯ ಕಥೆಯನ್ನು ರಾಂಪೊ ನಿಜವಾಗಿಯೂ ಬರೆದಿದ್ದರು, ಅದು 1926ರಲ್ಲಿ ಪ್ರಕಟವೂ ಆಗಿತ್ತು. ನಿಷೇಧದ ಪೆಟ್ಟು ಬಿದ್ದದ್ದು ಇನ್ನೊಂದು ಕಥೆಗೆ: ಯುದ್ಧದಲ್ಲಿ ಕೈಕಾಲು, ಮಾತು, ಕಿವಿ ಕಳೆದುಕೊಂಡು ಮರಳಿದ ಸೈನಿಕ ಮತ್ತು ಅವನ ಹೆಂಡತಿಯ ಕುರಿತ ‘ಕಂಬಳಿಹುಳು’ವನ್ನು 1939ರಲ್ಲಿ ಸರ್ಕಾರ ತಡೆಹಿಡಿಯಿತು. ಚಿತ್ರ ಒಂದು ಕಥೆಯ ಶಿಕ್ಷೆಯನ್ನು ಇನ್ನೊಂದಕ್ಕೆ ಹೊರಿಸಿದೆ. ಇದನ್ನು ನಾನು ತಪ್ಪೆನ್ನಲಾರೆ, ಏಕೆಂದರೆ ಬಾಯಿ ಮುಚ್ಚಿಸಿದ ಕಥೆಯೂ ಮುಚ್ಚಳದಡಿಯ ಗಂಡನೂ ಇದರಿಂದ ಒಂದೇ ಪ್ರತಿಮೆಯಾಗಿ ಬೆಸೆದುಕೊಂಡಿದ್ದಾರೆ. ಆದರೂ ‘ಕಂಬಳಿಹುಳು’ವಿನ ಯುದ್ಧವಿರೋಧಿ ನೋವು ಈ ಸೊಬಗಿನಲ್ಲಿ ಎಲ್ಲಿಯೂ ಸುಳಿಯುವುದಿಲ್ಲವೆಂಬ ಕೊರಗು ನನಗಿದೆ.

ಚಿತ್ರಕ್ಕೂ ಎರಡು ರೂಪಗಳಿವೆ. ರಿಂತಾರೊ ಮಾಯುಜುಮಿ ನಿರ್ದೇಶಿಸಿದ್ದು ನಿರ್ಮಾಪಕ ಕಾಜುಯೋಶಿ ಒಕುಯಾಮಾ ಅವರಿಗೆ ತೃಪ್ತಿ ತರಲಿಲ್ಲ. ಅವರೇ ಬಹುಭಾಗವನ್ನು ಮತ್ತೆ ಚಿತ್ರೀಕರಿಸಿದರು, ಎರಡೂ ತೆರೆಕಂಡವು. ನಾನು ನೋಡಿದ್ದು ಒಕುಯಾಮಾ ರೂಪ. ಅದರ ಕೊನೆಯ ಭಾಗ ಅತಿಯಾಗಿ ಎಳೆದಂತಿದೆ, ದೊರೆಮನೆತನದ ಖಳನ ಮಹಲಿನಲ್ಲಿ ಭಯಕ್ಕಿಂತ ಪ್ರದರ್ಶನವೇ ಹೆಚ್ಚಾಗುತ್ತದೆ. ಲೇಖಕನೇ ತನ್ನ ಕಥೆಯೊಳಕ್ಕೆ ಕಾಲಿಟ್ಟಾಗ ಮಾತ್ರ ನಾನು ಆ ದೋಷವನ್ನೆಲ್ಲ ಮನ್ನಿಸಿದೆ.

ಮೂಲ ಕಥೆಯಲ್ಲಿ ಉಸಿರು ಕಟ್ಟಿ ಸಾಯುವ ಗಂಡ ಪೆಟ್ಟಿಗೆಯ ಒಳಮೈಯಲ್ಲಿ ಉಗುರಿನಿಂದ ಹೆಂಡತಿಯ ಹೆಸರನ್ನು ಗೀಚುತ್ತಾನೆ. ಚಿತ್ರ ಮುಗಿದ ಮೇಲೆ ರಾತ್ರಿ ತುಂಬ ಹೊತ್ತು ನಾನು ಆ ಗೀಚಿನ ಬಗ್ಗೆಯೇ ಯೋಚಿಸುತ್ತಿದ್ದೆ.