ಕಾಲು ಪಾಲಿನ ಯಜಮಾನರು

ನಿಮ್ಮ ಪರಿಚಯದವರೊಬ್ಬರು ಸಾಲ ಮಾಡಿ ಹೋಟೆಲೊಂದರಲ್ಲಿ ಕಾಲು ಪಾಲು ತಗೊಂಡರು ಅಂತಿಟ್ಟುಕೊಳ್ಳಿ. ಕರಾರು ಏನಪ್ಪಾ ಅಂದರೆ, ಅಡುಗೆಮನೆಗೆ ಕಾಲಿಡುವಂತಿಲ್ಲ. ಸಾಂಬಾರಿಗೆ ಏನು ಹಾಕುತ್ತೀರಿ ಅಂತ ಕೇಳುವಂತಿಲ್ಲ. ತಮ್ಮ ಕಡೆಯವರನ್ನು ಗಲ್ಲಾದ ಹತ್ತಿರ ಕೂರಿಸುವಂತಿಲ್ಲ. ನೀವಾಗಿದ್ದರೆ ಅವರ ಹೆಂಡತಿಗೆ ಫೋನ್ ಮಾಡಿ ‘ಸ್ವಲ್ಪ ಬುದ್ಧಿ ಹೇಳಮ್ಮಾ’ ಅನ್ನುತ್ತಿದ್ದಿರಿ, ಅಲ್ವಾ? ಬ್ಯಾಟರಿಗೆ ಬೇಕಾದ ಲಿಥಿಯಂ ಅನ್ನುವ ಲೋಹದ ವ್ಯಾಪಾರ ಮಾಡುವ ಚೀನಾದ ತಿಯಾನ್‌ಚಿ ಕಂಪನಿ 2018ರಲ್ಲಿ ಇಂಥದ್ದೇ ಕರಾರಿಗೆ ಸಹಿ ಹಾಕಿತು. ಫೋನ್ ಮಾಡಲು ಯಾರೂ ಇರಲಿಲ್ಲ ಅಂತ ಕಾಣುತ್ತದೆ.

ಹಾಗಂತ ಅವರೇನು ದಡ್ಡರಲ್ಲ. ಜಿಯಾಂಗ್ ವೀಪಿಂಗ್ ಅನ್ನುವವರು 2004ರಲ್ಲಿ ಸಿಚುವಾನ್ ಪ್ರಾಂತ್ಯದ ಶೆಹಾಂಗ್‌ನಲ್ಲಿ ನಷ್ಟದಲ್ಲಿ ನರಳುತ್ತಿದ್ದ ಸರ್ಕಾರಿ ಲಿಥಿಯಂ ಕಾರ್ಖಾನೆಯನ್ನು ಕೊಂಡರು. ಸರ್ಕಾರಿ ಕಾರ್ಖಾನೆ ನಷ್ಟದಲ್ಲಿದೆ ಅಂದರೆ ನಮ್ಮಲ್ಲಿ ಎಲ್ಲರ ಕಣ್ಣು ಬೀಳುವುದು ಅದರ ಜಾಗದ ಮೇಲೆ. ಇವರ ಕಣ್ಣು ಬಿದ್ದದ್ದು ಕಾರ್ಖಾನೆ ಮೇಲೆ. ಅದಕ್ಕೆ ಬೇಕಾದ ಅದಿರು ಆಸ್ಟ್ರೇಲಿಯಾದ ಗ್ರೀನ್‌ಬುಶಸ್ ಗಣಿಯಿಂದ ಬರುತ್ತಿತ್ತು. ಆ ಗಣಿಯನ್ನು ಅಮೆರಿಕದ ರಾಕ್‌ವುಡ್ ಕಂಪನಿ ಇನ್ನೇನು ಕೊಳ್ಳಬೇಕು, ಅಷ್ಟರಲ್ಲಿ ಅದಕ್ಕಿಂತ ಎಷ್ಟೋ ಚಿಕ್ಕದಾದ ತಿಯಾನ್‌ಚಿ ಜಾಸ್ತಿ ದುಡ್ಡು ಹೇಳಿ 2013ರಲ್ಲಿ ತನ್ನದಾಗಿಸಿಕೊಂಡಿತು. ತಿಂಗಳ ಸಾಮಾನು ತರುತ್ತಿದ್ದ ಗಿರಾಕಿ ಅಂಗಡಿಯನ್ನೇ ಕೊಂಡ ಹಾಗೆ. ಒಮ್ಮೆ ಹೀಗೆ ಗೆದ್ದವರಿಗೆ ಎರಡನೇ ಸಲ ಕೈ ಕಟ್ಟಿಕೊಂಡು ಕೂರುವುದು ಕಷ್ಟ.

ಎರಡನೇ ಅಂಗಡಿ ಚಿಲಿ ದೇಶದ ಲಿಥಿಯಂ ಕಂಪನಿ ಎಸ್‌ಕ್ಯೂಎಂ. ಇದು ಮಾರಾಟಕ್ಕೆ ಬಂದದ್ದರಲ್ಲಿ ನಮ್ಮದೂ ಒಂದು ಕೈ ಇದೆ. ಕೆನಡಾದ ಎರಡು ಗೊಬ್ಬರ ಕಂಪನಿಗಳು ಒಂದಾಗಲು ಹೊರಟಿದ್ದವು. ಒಂದರ ಬಳಿ ಎಸ್‌ಕ್ಯೂಎಂ ಷೇರುಗಳಿದ್ದವು. ಎಸ್‌ಕ್ಯೂಎಂ ಪೊಟ್ಯಾಶ್ ಗೊಬ್ಬರವನ್ನೂ ಮಾರುತ್ತದಲ್ಲ, ಆ ಷೇರು ಬಿಟ್ಟುಕೊಟ್ಟರೆ ಮಾತ್ರ ಮದುವೆಗೆ ಒಪ್ಪಿಗೆ ಅಂತ ಚೀನಾದ ಜೊತೆಗೆ ಭಾರತದ ಸ್ಪರ್ಧಾ ಆಯೋಗವೂ ಹಟ ಹಿಡಿಯಿತು. ನಮ್ಮ ರೈತರ ಗೊಬ್ಬರದ ರೇಟಿನ ಚಿಂತೆಯಿಂದ ಹೊರಬಿದ್ದ ಷೇರು ಕೊನೆಗೆ ಬ್ಯಾಟರಿಯವರ ಪಾಲಾಯಿತು. ತಿಯಾನ್‌ಚಿ ಶೇ 23.77ರಷ್ಟು ಪಾಲು ತಗೊಂಡಿತು. ಕೊಟ್ಟದ್ದು 407 ಕೋಟಿ ಡಾಲರ್. ಅದರಲ್ಲಿ 350 ಕೋಟಿ ಡಾಲರ್ ಸಾಲ. ಷೇರಿಗೆ 65 ಡಾಲರ್ ಎಣಿಸಿದ 2018ರ ಡಿಸೆಂಬರಿನಲ್ಲಿ ಅದೇ ಷೇರು ಪೇಟೆಯಲ್ಲಿ ಅದಕ್ಕಿಂತ ಕಡಿಮೆಗೇ ಸಿಗುತ್ತಿತ್ತು. ಚೌಕಾಸಿ ಮಾಡಲು ನಮ್ಮ ಅತ್ತೆಯಂಥವರೊಬ್ಬರನ್ನು ಕರೆದುಕೊಂಡು ಹೋಗಬೇಕಿತ್ತು.

ಅಷ್ಟು ದುಡ್ಡಿಗೆ ಅಲ್ಲಿರುವುದೇನು? ಅಟಕಾಮಾ ಮರುಭೂಮಿಯ ಉಪ್ಪಿನ ಬಯಲು. ಲಿಥಿಯಂ ಬೆರೆತ ನೆಲದಡಿಯ ಉಪ್ಪುನೀರನ್ನು ಮೇಲೆತ್ತಿ ಊರಗಲದ ಕೊಳಗಳಲ್ಲಿ ಬಿಡುತ್ತಾರೆ. ಆಮೇಲೆ ಸುಮ್ನೆ ಕಾಯುತ್ತಾರೆ. ಬೇಸಿಗೆಯಲ್ಲಿ ತಾರಸಿ ಮೇಲೆ ಸಂಡಿಗೆ ಒಣಗಿಸುವ ಕೆಲಸವೇ. ನಮ್ಮ ಸಂಡಿಗೆಗೆ ಮೂರು ದಿನ, ಇದಕ್ಕೆ ಒಂದು ವರ್ಷಕ್ಕೂ ಜಾಸ್ತಿ. ನಮಗೆ ಕಾಗೆ ಕಾಟ, ಅಲ್ಲಿ ಸುತ್ತಮುತ್ತ ಫ್ಲೆಮಿಂಗೋ ಹಕ್ಕಿ. ನೀಲಿ ಇದ್ದ ನೀರು ಕೊಳದಿಂದ ಕೊಳಕ್ಕೆ ದಾಟುತ್ತಾ ಹಳದಿಗೆ ತಿರುಗುತ್ತದೆ. ಕೊನೆಗೆ ಟ್ಯಾಂಕರ್ ಲಾರಿ ಹತ್ತಿ ಕಾರ್ಖಾನೆಗೆ ಹೋಗಿ ಬಿಳಿ ಪುಡಿಯಾಗುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಾರೆ. ಇಲ್ಲಿ ಉಪ್ಪು ಚಿಲಿಯದು, ನೀರು ಕುಡಿದವರು ಚೀನಾದವರು.

ಯಾಕೆಂದರೆ ಚಿಲಿ ಸರ್ಕಾರದವರಿಗೆ ಒಂದು ಅನುಮಾನ ಬಂತು. ಇವರು ಎಸ್‌ಕ್ಯೂಎಂನ ಎದುರಾಳಿ ವ್ಯಾಪಾರಿ, ಒಳಗೆ ಬಂದು ಗುಟ್ಟು ತಿಳಿದುಕೊಂಡರೆ? ಕೊನೆಗೆ ಆದ ರಾಜಿ ಹೀಗಿತ್ತು: ತಿಯಾನ್‌ಚಿ ತನ್ನ ಅಧಿಕಾರಿಗಳನ್ನೋ ನೌಕರರನ್ನೋ ಎಸ್‌ಕ್ಯೂಎಂ ನಿರ್ದೇಶಕ ಮಂಡಳಿಗೆ ಕಳಿಸುವಂತಿಲ್ಲ. ಲಿಥಿಯಂ ವ್ಯವಹಾರದ ಗುಟ್ಟಿನ ಮಾಹಿತಿಗೆ ಕೈ ಹಾಕುವಂತಿಲ್ಲ. ಲಿಥಿಯಂ ಕಂಪನಿಯೊಂದು ಲಿಥಿಯಂಗಾಗಿಯೇ ಸಾಲ ಮಾಡಿ ಲಿಥಿಯಂ ಬಗ್ಗೆ ಕೇಳುವುದಿಲ್ಲ ಅಂತ ಮಾತು ಕೊಟ್ಟಿತು. ಎಸ್‌ಕ್ಯೂಎಂ ಮನೆಯಲ್ಲಿ ಎಷ್ಟೋ ವರ್ಷ ಅಧ್ಯಕ್ಷರಾಗಿದ್ದವರು ಹೂಲಿಯೊ ಪೋನ್ಸೆ. ಚಿಲಿಯನ್ನು ಆಳಿದ ಸರ್ವಾಧಿಕಾರಿ ಪಿನೋಚೆಯ ಒಂದು ಕಾಲದ ಅಳಿಯ. ಸರ್ಕಾರದ ಕೈಲಿದ್ದ ಎಸ್‌ಕ್ಯೂಎಂ ಖಾಸಗಿಯಾದದ್ದೂ ಮಾವನ ಕಾಲದಲ್ಲೇ. ನಮ್ಮಲ್ಲಿ ಅಳಿಯ ಅಲ್ಲ, ಮಗಳ ಗಂಡ ಅನ್ನುವ ಮಾತಿದೆಯಲ್ಲ, ಹಾಗೆ ತಿಯಾನ್‌ಚಿಗೂ ಒಂದು ಪದವಿ ಸಿಕ್ಕಿತು: ಪಾಲುದಾರರಲ್ಲ, ಷೇರುದಾರರು.

ಷೇರು ಕೈಗೆ ಬಂದದ್ದೇ ತಡ, ಲಿಥಿಯಂ ರೇಟು ಬಿದ್ದುಹೋಯಿತು. 2020ರ ನಡುವಿನಲ್ಲಿ ಚೀನಾದಲ್ಲಿ ಟನ್ನಿಗೆ ಸುಮಾರು 40,000 ಯುವಾನ್. ಸಾಲದ ಕಂತು ಬಾಗಿಲು ತಟ್ಟಿತು. ಗೆದ್ದು ತಂದಿದ್ದ ಗ್ರೀನ್‌ಬುಶಸ್ ಪಾಲಿನಲ್ಲಿ ಹತ್ತಿರ ಹತ್ತಿರ ಅರ್ಧವನ್ನು ಆಸ್ಟ್ರೇಲಿಯಾದ ಐಜಿಒ ಕಂಪನಿಗೆ 140 ಕೋಟಿ ಡಾಲರಿಗೆ ಕೊಟ್ಟರು. ಇಣುಕಲು ಬಿಡದ ಅಡುಗೆಮನೆಯ ಸಾಲ ತೀರಿಸಲು, ತಾವೇ ಅಡುಗೆ ಮಾಡುತ್ತಿದ್ದ ಮನೆಯನ್ನು ಮಾರಿದರು.

ಮಾರಿ ಮುಗಿಯುವುದರಲ್ಲಿ ರೇಟು ಮೇಲೆದ್ದಿತು. 2022ರ ನವೆಂಬರ್ ಹೊತ್ತಿಗೆ ಟನ್ನಿಗೆ 6 ಲಕ್ಷ ಯುವಾನ್ ಹತ್ತಿರ! ಆ ವರ್ಷ ತಿಯಾನ್‌ಚಿ ಲಾಭ ಸುಮಾರು 2,400 ಕೋಟಿ ಯುವಾನ್. ನಿನ್ನೆಯ ಸಾಲಗಾರರು ಇವತ್ತಿನ ದೂರದೃಷ್ಟಿಯ ನಾಯಕರಾದರು. ಒಂದೇ ವರ್ಷದಲ್ಲಿ ರೇಟು 1 ಲಕ್ಷದ ಆಸುಪಾಸಿಗೆ ಇಳಿಯಿತು. ದೂರದೃಷ್ಟಿ ಎಲ್ಲಿಗೆ ಹೋಯಿತೋ ಗೊತ್ತಿಲ್ಲ, 2024ರಲ್ಲಿ ಸುಮಾರು 790 ಕೋಟಿ ಯುವಾನ್ ನಷ್ಟ. ಟೊಮ್ಯಾಟೊ ಬೆಳೆಯುವ ಕೋಲಾರದ ರೈತನಿಗೆ ಇದನ್ನೆಲ್ಲ ವಿವರಿಸಬೇಕಾಗಿಲ್ಲ.

ಇದರ ನಡುವೆ ಚಿಲಿ ಸರ್ಕಾರ ಇನ್ನೊಂದು ಮದುವೆ ಗೊತ್ತುಮಾಡಿತು. ಸರ್ಕಾರಿ ತಾಮ್ರ ಕಂಪನಿ ಕೊಡೆಲ್ಕೊ ಮತ್ತು ಎಸ್‌ಕ್ಯೂಎಂ ಸೇರಿ ಅಟಕಾಮಾದ ಲಿಥಿಯಂ ನಡೆಸುವುದು. ಅರ್ಧ ಪಾಲು ಮತ್ತು ಒಂದು ಷೇರು ಕೊಡೆಲ್ಕೊಗೆ. ನಮ್ಮನ್ನೂ ಒಂದು ಮಾತು ಕೇಳಿ, ಷೇರುದಾರರ ಮತಕ್ಕೆ ಹಾಕಿ ಅಂತ ತಿಯಾನ್‌ಚಿ ಅರ್ಜಿ ಹಾಕಿತು. ಮಂಡಳಿ ಒಪ್ಪಿದರೆ ಸಾಕು ಅಂದರು ಚಿಲಿಯ ನಿಯಂತ್ರಕರು. ಮೇಲ್ಮನವಿ ಕೋರ್ಟೂ ಅದನ್ನೇ ಹೇಳಿತು. ಮಂಡಳಿಯಲ್ಲಿ ಇವರ ಮನೆಯವರು ಯಾರೂ ಕೂರುವಂತಿಲ್ಲ ಅನ್ನುವುದು ನಿಮಗೆ ನೆನಪಿರಬಹುದು.

ಒಂದು ವಿಷಯದಲ್ಲಿ ಮಾತ್ರ ಯಾರೂ ಇವರನ್ನು ಮರೆಯಲಿಲ್ಲ. 2024ರ ಏಪ್ರಿಲ್‌ನಲ್ಲಿ ಸ್ಯಾಂಟಿಯಾಗೊ ಕೋರ್ಟು ಗಣಿ ತೆರಿಗೆ ಕೇಸಿನಲ್ಲಿ ಎಸ್‌ಕ್ಯೂಎಂ ವಿರುದ್ಧ ತೀರ್ಪು ಕೊಟ್ಟಿತು. ಎಸ್‌ಕ್ಯೂಎಂ ಸುಮಾರು 110 ಕೋಟಿ ಡಾಲರ್ ಲೆಕ್ಕದಿಂದ ಕಳೆಯಬೇಕಾಯಿತು. ಅಡುಗೆಮನೆ ಒಳಗೆ ಬಿಡದಿದ್ದರೂ ಗ್ಯಾಸ್ ಬಿಲ್ಲಿನ ಕಾಲು ಪಾಲು ತಿಯಾನ್‌ಚಿ ಲೆಕ್ಕಕ್ಕೆ ಕರಾರುವಾಕ್ಕಾಗಿ ಬಂದು ಬಿತ್ತು.

ಅದೇ ವರ್ಷ ಜಿಯಾಂಗ್ ವೀಪಿಂಗ್ ಅಧ್ಯಕ್ಷರ ಕುರ್ಚಿಯನ್ನು ಮಗಳು ಜಿಯಾಂಗ್ ಆಂಚಿಗೆ ಬಿಟ್ಟುಕೊಟ್ಟರು. ಮನೆಯ ಕೀಲಿಗೊಂಚಲು ಅಪ್ಪನಿಂದ ಮಗಳಿಗೆ ಬಂತು. ಅಟಕಾಮಾದ ಅಡುಗೆಮನೆಯ ಕೀಲಿ ಅದರಲ್ಲಿರಲಿಲ್ಲ.