ಇಲಿಯ ಕಿವಿಯೂ ಮಾರ್ಕೆಟ್ ಬದನೆಯೂ

ಕೀಟನಾಶಕ ಹೊಡೆದ ಮಾರ್ಕೆಟ್ ತರಕಾರಿ ತಿಂದರೆ ಚರ್ಮದ ಅಲರ್ಜಿ ಖಂಡಿತ, ಇಲಿಗಳ ಮೇಲೆ ಸಾಬೀತಾಗಿದೆ ಎಂಬ ಫಾರ್ವರ್ಡ್ ಮಂಡ್ಯ, ಮೈಸೂರಿನ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ಇಲಿಗಳ ಮೇಲೆ ಪ್ರಯೋಗ ನಡೆದದ್ದು ನಿಜ. ‘ಖಂಡಿತ’ ಎನ್ನುವುದು ತಪ್ಪು.

ಒಂದು ಪ್ರಮಾಣಿತ ಪರೀಕ್ಷೆಯಲ್ಲಿ ಇಲಿಯ ಕಿವಿಗೆ ಸತತ 3 ದಿನ ರಾಸಾಯನಿಕ ಹಚ್ಚಿ, 6ನೇ ದಿನ ಹತ್ತಿರದ ದುಗ್ಧರಸ ಗ್ರಂಥಿಯಲ್ಲಿ (ಲಿಂಫ್ ನೋಡ್) ಕೋಶಗಳ ಬೆಳವಣಿಗೆ ಅಳೆಯುತ್ತಾರೆ. ರಾಸಾಯನಿಕ ಹಚ್ಚದ ಇಲಿಗಳಿಗಿಂತ 3 ಪಟ್ಟು ಅಥವಾ ಹೆಚ್ಚಿದ್ದರೆ ಆ ರಾಸಾಯನಿಕ ಅಲರ್ಜಿಕಾರಕ. ಆದರೆ ಇದು ಚರ್ಮಕ್ಕೆ ಹಚ್ಚಿದ್ದು, ತಿನ್ನಿಸಿದ್ದಲ್ಲ. ಇನ್ನು ಕೆಲವು ಅಧ್ಯಯನಗಳಲ್ಲಿ ಪ್ಯಾರಾಥಿಯಾನ್, ಮೆಥಾಕ್ಸಿಕ್ಲೋರ್ ಎಂಬ ಕೀಟನಾಶಕ ಉಣಿಸಿದ ಇಲಿಗಳಲ್ಲಿ ಚರ್ಮದ ಅಲರ್ಜಿ ಉಲ್ಬಣಿಸಿದ್ದುಂಟು. ಆದರೆ ಅವು ಅಲರ್ಜಿಗೆ ಒಲವಿರುವ ತಳಿಯವು. ಅಲರ್ಜಿ ಹುಟ್ಟಿಸಲು ಧೂಳುಹುಳದ ಸಾರವನ್ನೂ ಬೇರೆಯಾಗಿ ಕೊಟ್ಟಿರುತ್ತಾರೆ. ಫಾರ್ವರ್ಡ್‌ನಲ್ಲಿ ಈ ಮಾತೇ ಇರುವುದಿಲ್ಲ.

ಇಂಥದ್ದು ಬಂದರೆ ಮೂಲ ಪ್ರಬಂಧದ ಸಾರಾಂಶ ಹುಡುಕಿ, ಸಾಮಾನ್ಯವಾಗಿ ಉಚಿತವಾಗಿ ಸಿಗುತ್ತದೆ. ಯಾವ ಪ್ರಾಣಿ, ಹಚ್ಚಿದ್ದೋ ಉಣಿಸಿದ್ದೋ, ದೇಹತೂಕದ ಕಿಲೋಗೆ ಎಷ್ಟು ಮಿಲಿಗ್ರಾಂ ಎಂದು ನೋಡಿ. ಲಿಂಕೇ ಇಲ್ಲದಿದ್ದರೆ ಮುಂದೆ ಕಳಿಸುವ ಮುನ್ನ ಸ್ವಲ್ಪ ತಡೆಯಿರಿ.

ಹಂಚುವವರದು ಮನೆಮಂದಿಯ ಕಾಳಜಿಯೇ. ಆದರೆ ಚರ್ಮಕ್ಕೆ ಹೆಚ್ಚಿನ ಅಪಾಯ ಊಟದ ತಟ್ಟೆಗಿಂತ ಗದ್ದೆಯಲ್ಲಿದೆ. ಮಂಡ್ಯದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಲ್ಲಿ ಬರಿಗೈಯಲ್ಲಿ ಔಷಧಿ ಕಲಸಿ ಹೊಡೆಯುವವರಿಗೆ ಉರಿ, ಗಂದೆ ಬರಬಹುದು. ಡಬ್ಬಿಯ ಮೇಲೆ ವಿಷ ಕಡಿಮೆ ಎನ್ನುವ ಹಸಿರು ತ್ರಿಕೋನವಿದೆಯೆಂದು ಧೈರ್ಯ ಮಾಡಬೇಡಿ. ಆ ಬಣ್ಣ ಹೇಳುವುದು ವಿಷದ ತೀವ್ರತೆಯನ್ನು, ಅಲರ್ಜಿಯನ್ನಲ್ಲ. ಗ್ಲೌಸ್, ತುಂಬುತೋಳಿನ ಅಂಗಿ, ಹೊಡೆದಾದ ಮೇಲೆ ಸೋಪು ಹಾಕಿ ಸ್ನಾನ ಬೇಕು. ತರಕಾರಿ ತೊಳೆದರೆ ಮೇಲಿನ ಉಳಿಕೆ ತಕ್ಕಮಟ್ಟಿಗೆ ಹೋಗುತ್ತದೆ, ಒಳಗೆ ಸೇರಿದ್ದು ಹೋಗದು.